ಅರವತ್ತೊಂದನೆಯ ತಲೆ

ದೇವರಿಗೆ ಮುಡಿ ಕೊಟ್ಟರೆ ಸರ್ಕಾರ ಮುನಿಸಿಕೊಳ್ಳುತ್ತದೆ ಎಂಬುದು ಆ ಸೋಮವಾರ ಬೆಳಿಗ್ಗೆವರೆಗೆ ನಾಗಲಕ್ಷ್ಮಿ ಟೀಚರ್‌ಗೆ ಗೊತ್ತಿರಲಿಲ್ಲ.

ಕುರುಗೋಡಿನಿಂದ ಎರಡು ಬಸ್ಸು ಬದಲಿಸಿ, ಸಿರುಗುಪ್ಪದ ಆಚೆ ಕಾಲುವೆ ದಂಡೆಯ ಹೊಸಕ್ಯಾಂಪಿನ ಶಾಲೆಗೆ ಅವಳು ಬಂದು ನಿಂತಾಗ, ಗೇಟಿನೊಳಗೆ ಒಂಬತ್ತು ಬೋಳು ತಲೆಗಳು ಸಾಲಾಗಿ ಕಾಯುತ್ತಿದ್ದವು. ಏಳು ಗಂಡು, ಎರಡು ಹೆಣ್ಣು. ಒಂದೊಂದಕ್ಕೂ ಗಂಧ ಮೆತ್ತಿತ್ತು. ಹಿಂದೆ ಬಿಸಿಯೂಟದ ಕೊಟ್ರಬಸಮ್ಮ, ಸೌಟು ಹಿಡಿದು, ಗೆದ್ದ ಪೈಲ್ವಾನನ ಹಾಗೆ ನಿಂತಿದ್ದಳು.

"ಏನಿದು ಕೊಟ್ರಬಸಮ್ಮಾ?"

"ನಿಮ್ ಕೆಲ್ಸ ಉಳೀಲಿ ಅಂತ ಉರುಕುಂದಿ ಈರಣ್ಣಗ ಬೇಡ್ಕೊಂಡಿದ್ನಿರಿ. ಒಂಬತ್ತು ಮಕ್ಕಳ ಮುಡಿ. ನಿನ್ನಿ ಟೆಂಪೋ ಮಾಡ್ಕೊಂಡು ಹೋಗಿ ಮುಟ್ಟಿಸ್ಬಂದೆ. ಅವ್ರವ್ವಂದಿರೂ ಹೂಂ ಅಂದ್ರು, ಹೇನಾರ ಹೋಗ್ತಾವು ಅಂತ."

"ಹರಕಿ ಕೆಲ್ಸ ಆದಮ್ಯಾಗ ತೀರ್ಸೋದಲ್ಲೇನ್ರಿ?"

"ನಾಕ್ ತಿಂಗ್ಳಾತು ನಮಗ್ಯಾರಿಗೂ ಪಗಾರಿಲ್ಲ. ನಮ್ ಕೈಕಾಲು ಹೆಂಗ್ ಆಡ್ತಾವು ನಮಗ ಗೊತ್ತಿಲ್ಲೇನು? ದೇವ್ರಿಗೂ ಹಂಗ ಬಾಕಿ ಇಟ್ರ ಅಂವಾ ದುಡೀತಾನೇನ್ರಿ? ಅದಕ್ಕ ಮುಂಗಡ ಕೊಟ್ಟೆ."

ನಾಗಲಕ್ಷ್ಮಿ ಅತಿಥಿ ಶಿಕ್ಷಕಿ. ಏಳು ವರ್ಷದಿಂದ ಅತಿಥಿ. ಏಳು ವರ್ಷ ಉಳಿದವನನ್ನು ಯಾವ ಮನೆಯಲ್ಲಾದರೂ ಅತಿಥಿ ಎನ್ನುತ್ತಾರೆಯೇ? ಒಂದೋ ಮನೆಯ ಮಗ ಅನ್ನುತ್ತಾರೆ, ಇಲ್ಲವೇ ಚೀಲ ಎತ್ತಿ ಬೀದಿಗಿಡುತ್ತಾರೆ. ಸರ್ಕಾರ ಎರಡನ್ನೂ ಮಾಡಿರಲಿಲ್ಲ. ಪ್ರತಿ ಮಾರ್ಚಿಗೆ ಬೀದಿಗಿಟ್ಟು, ಪ್ರತಿ ಜೂನಿಗೆ 'ಓಹೋ ಅತಿಥಿ ಬಂದರು' ಎಂದು ಒಳಗೆ ಕರೆಯುತ್ತಿತ್ತು.

ಈ ಸಲ ಜೂನಿನಲ್ಲಿ ಹೊಸ ಆದೇಶವೂ ಬಂದಿತ್ತು. ಶಾಲೆಯಲ್ಲಿ ಮಕ್ಕಳು ಅರವತ್ತೊಂದು ಇದ್ದರೆ ಮೂರು ಶಿಕ್ಷಕರು. ಅರವತ್ತೇ ಇದ್ದರೆ ಇಬ್ಬರು ಸಾಕು. ತಾಲೂಕಿನ ಬೇರೆ ಶಾಲೆಗಳಲ್ಲಿ ಗಣತಿ ಆಗಲೇ ಮುಗಿದು, ಹನ್ನೊಂದು ಶಾಲೆಗಳ ಅತಿಥಿಗಳು ಮನೆ ಸೇರಿದ್ದರು; ಇಲ್ಲಿಯದು ಇದೇ ಬುಧವಾರ. ಹೊಸಕ್ಯಾಂಪಿನಲ್ಲಿದ್ದ ಮಕ್ಕಳು, ಅಳೆದು ತೂಗಿದ ಹಾಗೆ, ಅರವತ್ತೊಂದು. ಮೂರನೆಯ ಹುದ್ದೆ ಖಾಲಿ ಬಿದ್ದು ವರ್ಷಗಳಾಗಿದ್ದವು. ಆ ಖಾಲಿ ಜಾಗದಲ್ಲೇ ನಾಗಲಕ್ಷ್ಮಿ ನಿಂತಿದ್ದಳು. ಒಂದು ತಲೆ ಕಡಿಮೆಯಾದರೆ ಹುದ್ದೆ ರದ್ದು, ಅವಳು ಮನೆಗೆ. ಐದು ತರಗತಿಗಳನ್ನು ಉಳಿದ ಇಬ್ಬರು ಹಂಚಿಕೊಳ್ಳಬೇಕು. ಆ ಇಬ್ಬರಲ್ಲಿ ಒಬ್ಬರು ಶೀಲಾ ಟೀಚರ್, ಎರಡು ತಿಂಗಳಿಂದ ಸಮೀಕ್ಷೆಯ ಕೆಲಸಕ್ಕೆಂದು ಮನೆಮನೆ ಬಾಗಿಲು ಬಡಿಯುತ್ತಿದ್ದರು. ಇನ್ನೊಬ್ಬರು ಹೆಡ್ಮಾಸ್ಟರ್ ಗವಿಸಿದ್ದಪ್ಪ. ಅವರು ಪಾಠ ಮಾಡಿದ್ದನ್ನು ಊರಿನ ಹಿರಿಯರು ಮಾತ್ರ ಬಲ್ಲರು.

"ಸಾಲಾಗಿ ನಿಲ್ರಿ," ಎಂದು ನಾಗಲಕ್ಷ್ಮಿ ಹಾಜರಿ ಫೋನು ತೆಗೆದಳು.

ಈಗ ಹಾಜರಿ ಪುಸ್ತಕದ ಮಾತು ನಡೆಯುವುದಿಲ್ಲ. ಫೋನು ಪ್ರತಿ ಮಗುವಿನ ಮುಖ ನೋಡಬೇಕು. ಜೂನಿನಲ್ಲಿ ತೆಗೆದ ಫೋಟೊಗೆ ಅದು ಹೊಂದಿದರೆ ಟಿಣ್ ಎನ್ನುತ್ತದೆ, ಮಗು ಹಾಜರು. ಟಿಣ್ ಅಂದಷ್ಟೇ ಮೊಟ್ಟೆ. ಕಳೆದ ತಿಂಗಳು ಒಂದು ದಿನ ಅಡುಗೆಮನೆ ಕಟ್ಟೆಯ ಮೇಲಿದ್ದ ಕುಂಬಳಕಾಯಿಗೆ ಅದು ತಾನಾಗಿಯೇ ಟಿಣ್ ಎಂದು, 'ವೀರಭದ್ರ, ಎರಡನೇ ತರಗತಿ, ಹಾಜರು' ಎಂದು ಬರೆದುಕೊಂಡಿತ್ತು. ವೀರಭದ್ರ ಅಂದು ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಗವಿಸಿದ್ದಪ್ಪ ನಡುಗುತ್ತಾ ಮೇಲಿನವರಿಗೆ ಪತ್ರ ಬರೆದರೆ ಒಂದೇ ಸಾಲಿನ ಉತ್ತರ ಬಂತು: ತಂತ್ರಾಂಶ ತಪ್ಪು ಮಾಡುವುದಿಲ್ಲ, ಒಮ್ಮೆ ದಾಖಲಾದ ಹಾಜರಿಯನ್ನು ತೆಗೆಯಲು ಅವಕಾಶವಿಲ್ಲ. ಲೆಕ್ಕ ತಾಳೆಯಾಗಲಿ ಎಂದು ಕೊಟ್ರಬಸಮ್ಮ ಕುಂಬಳಕಾಯಿಯ ಮುಂದೆ ಒಂದು ಮೊಟ್ಟೆ ಇಟ್ಟು ಕೈಮುಗಿದಿದ್ದಳು.

ಕುಂಬಳಕಾಯಿಯಲ್ಲಿ ಮಗುವನ್ನು ಕಂಡ ಆ ಫೋನು ಈಗ ಒಂಬತ್ತು ಮಕ್ಕಳಲ್ಲಿ ಒಂದು ಮಗುವನ್ನೂ ಕಾಣಲಿಲ್ಲ. ಹತ್ತಿರ ಹಿಡಿದಳು, ದೂರ ಹಿಡಿದಳು. ಗಂಧ ತೊಳೆಸಿದಳು. 'ಮುಖ ಹೊಂದಿಕೆಯಾಗುತ್ತಿಲ್ಲ' ಎಂದು ಒಂಬತ್ತು ಸಲ ಕೆಂಪಗೆ ಬರೆಯಿತು. ಒಟ್ಟು ಐವತ್ತೆರಡು.

ಗವಿಸಿದ್ದಪ್ಪ ಸಹಾಯವಾಣಿಗೆ ಫೋನು ಹಚ್ಚಿ, ಅರ್ಧ ತಾಸು ಹಾಡು ಕೇಳಿ, ಕೊನೆಗೆ ಮುಖ ಇಳಿಸಿದರು. "ಹೊಸಾ ಫೋಟೊ ಹಾಕೋದು ಬರೋ ಜೂನ್‌ನಾಗ ಅಂತಮ್ಮಾ."

"ಅಲ್ಲೀತನ ಕೂದ್ಲು ಬೆಳ್ದು ಜಡಿ ಹಾಕ್ಕೊಂತಾವಲ್ರಿ ಸರ್!"

"ಅದನ್ನೂ ಹೇಳ್ದೆ. 'ಹಾಗಾದ್ರೆ ಸಮಸ್ಯೆ ತಾನೇ ಬಗೆಹರೀತಲ್ಲ' ಅಂದ್ಳು ಆಕಿ."

ಕೊಟ್ರಬಸಮ್ಮ ಸೌಟು ಕೆಳಗಿಟ್ಟಳು. "ಅರವತ್ತೊಂದು ಮೊಟ್ಟಿ ಬೇಯ್ಸೀನಿ. ಒಂಬತ್ತು ಏನ್ ಮಾಡ್ಲಿ? ಕೋಳಿ ಹುಡುಕ್ಕೊಂಡು ಹೋಗಿ ವಾಪಸ್ ಒಳಗಿಟ್ ಬರ್ಲೇನು?" ಅಂದವಳೇ, ಬೋಳು ತಲೆಗಳಿಗೇ ಮೊದಲು ಬಡಿಸಿದಳು. ಆಮೇಲೆ ಅಡುಗೆಮನೆಯ ಹಿಂದೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಉಳ್ಸಾಕ ಹೋಗಿ ನಾನ ಕಿತ್ತೆನಲ್ರಿ ಮಿಸ್."

ಮಂಗಳವಾರ ನಾಗಲಕ್ಷ್ಮಿ ಅರ್ಧ ದಿನ ರಜೆ ಹಾಕಿ ಬಳ್ಳಾರಿಯ ಬಸ್ಸು ಹತ್ತಿದಳು. ಕೂದಲಿಲ್ಲದ್ದೇ ತಪ್ಪಾದರೆ, ಕೂದಲು ತಂದರಾಯಿತು. ಕೌಲ್ ಬಜಾರಿನಲ್ಲಿ, ವೆಲ್ಡಿಂಗ್ ಅಂಗಡಿಗೂ ಆಟೋ ಸೀಟು ಹೊಲಿಯುವವನಿಗೂ ನಡುವೆ ಒತ್ತರಿಸಿಕೊಂಡು, ಬಯಲಾಟದ ವೇಷಗಳನ್ನು ಬಾಡಿಗೆಗೆ ಕೊಡುವ ಹಂಪಯ್ಯನ ಅಂಗಡಿಯಿತ್ತು. ಬಾಯಲ್ಲಿ ಎಲೆಯಡಿಕೆ, ಮೂಗಿನ ತುದಿಯಲ್ಲಿ ಕನ್ನಡಕ.

"ಯಾವ ಆಟ ಆಡ್ತೀರಬೇ?"

"ಆಟ ಅಲ್ರಿ, ಹಾಜರಿ. ಒಂಬತ್ತು ತಲಿಗೆ ಕೂದ್ಲು ಬೇಕು."

"ಒಂಬತ್ತು ತಲಿ? ರಾವಣಗ ಒಂದು ಕಡಿಮಿ ಬಿತ್ತಲ್ಲ!" ಹಂಪಯ್ಯ ತನ್ನ ಮಾತಿಗೆ ತಾನೇ ನಕ್ಕು ಕೆಮ್ಮಿದ. ವಿಷಯ ಕೇಳಿದ ಮೇಲೆ ನಗು ನಿಂತಿತು. "ನಲವತ್ತು ವರ್ಷದಾಗ ರಾಜಗ, ರಾಕ್ಷಸಗ, ಗರತಿಗೆ ಕೂದ್ಲು ಕೊಟ್ಟೀನಿ. ಮಗಾ ಮಗಾನ ಅಂತ ತೋರ್ಸಾಕ ಕೂದ್ಲು ಕೇಳ್ದಾಕಿ ನೀನ ಮೊದ್ಲು. ಎಂಟ ಅದಾವು, ತಗೋ. ಉಳದದ್ದೆಲ್ಲಾ ಗಣೇಶನ ಹಬ್ಬದ ಆಟಕ್ಕ ಹೋಗ್ಯಾವು. ಕತ್ರಿ ಮಾತ್ರ ಹಚ್ಚಂಗಿಲ್ಲ."

"ಅಡ ಏನಿಡ್ಲಿ?"

"ಕಿಮ್ಮತ್ತಿಂದು ಏನಾರ ಇಡು."

ಅತಿಥಿ ಶಿಕ್ಷಕಿಯರ ಚೀಲದಲ್ಲಿ ಯಾವಾಗಲೂ ಒಂದು ಫೈಲು ಇರುತ್ತದೆ. ಯಾವ ಕಚೇರಿ ಯಾವಾಗ ಏನು ಕೇಳುತ್ತದೋ ಹೇಳಲು ಬರುವುದಿಲ್ಲ. ನಾಗಲಕ್ಷ್ಮಿ ಅದರಿಂದ ತನ್ನ ಬಿ.ಎಡ್. ಪ್ರಮಾಣಪತ್ರ ತೆಗೆದು ಅವನ ಮುಂದಿಟ್ಟಳು. "ಇದ್ರಿಂದ ಇಲ್ಲೀತನ ಏನೂ ಬಂದಿಲ್ಲ ಹಂಪಯ್ಯಾರ. ಕೂದ್ಲರ ಬರ್ಲಿ."

ಬುಧವಾರ ಹನ್ನೆರಡು ಗಂಟೆಗೆ ಗಣತಿಯ ಸಾಹೇಬರು ಚನ್ನಬಸವರಾಜ ಜೀಪಿನಿಂದ ಇಳಿದರು. ಬಿಳಿ ಅಂಗಿ, ತಲೆ ತುಂಬ ಮುಚ್ಚುವ ನೀಲಿ ಟೋಪಿ. ಆ ಟೋಪಿಯನ್ನು ಅವರು ಊಟಕ್ಕೂ ತೆಗೆಯುವುದಿಲ್ಲ ಎಂದು ತಾಲೂಕಿನಲ್ಲೆಲ್ಲ ಪ್ರತೀತಿ. ಒಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಮೊದಲನೇ ಸಾಲಿನಲ್ಲಿ ಸೊಂಟದವರೆಗೆ ಕೂದಲು ಹರಡಿಕೊಂಡ ಇಬ್ಬರು ದ್ರೌಪದಿಯರು ಸ್ಲೇಟು ಹಿಡಿದು ಕೂತಿದ್ದರು, ಇಬ್ಬರಿಗೂ ಚಡ್ಡಿ. ಪಕ್ಕದಲ್ಲಿ ನೆತ್ತಿಯ ಮೇಲೆ ಜಟೆ ಕಟ್ಟಿದ ಋಷಿಯೊಬ್ಬ ಮೂಗು ಸೀಟಿಕೊಳ್ಳುತ್ತಿದ್ದ. ದುಶ್ಶಾಸನನಿಗೆ ಹಲ್ಲು ಬಿದ್ದಿತ್ತು. ಭೀಮ ಇನ್ನೂ ಒಂದನೇ ತರಗತಿ. ಕೂದಲೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕಿತ್ತು.

"ಏನ್ರೀ ಹೆಡ್ಮಾಸ್ಟರೇ, ಇದು ಸಾಲಿನೋ, ಬಯಲಾಟದ ಚೌಕಿನೋ?"

ಗವಿಸಿದ್ದಪ್ಪ ಬೆವರೊರೆಸಿದರು. "ಪಠ್ಯೇತರ ಚಟುವಟಿಕಿ ಸಾರ್."

ನಾಗಲಕ್ಷ್ಮಿ ಫೋನು ಹಿಡಿದಳು. ದ್ರೌಪದಿಯರಿಗೆ ಟಿಣ್, ಟಿಣ್. ಋಷಿಗೆ ಟಿಣ್. ಭೀಮನ ಕೂದಲು ಸರಿಸಿ ಮೂಗು ತೋರಿಸಿದ ಮೇಲೆ ಟಿಣ್. ಮಕ್ಕಳು ಒಂದೊಂದಕ್ಕೂ ಚಪ್ಪಾಳೆ ಹೊಡೆದರು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು.

ಅಲ್ಲಿಗೆ ನಿಂತಿತು.

ಉಳಿದವಳು ಅಂಜನಾ. ನಾಲ್ಕನೇ ತರಗತಿ, ಇಡೀ ಶಾಲೆಯಲ್ಲಿ ಹದಿನಾರರ ಮಗ್ಗಿ ಹಿಂದುಮುಂದು ಹೇಳುವವಳು ಅವಳೊಬ್ಬಳೇ. ಒಂಬತ್ತನೆಯ ತಲೆಗೆ ಕೂದಲು ಸಿಕ್ಕಿರಲಿಲ್ಲ. ನಾಗಲಕ್ಷ್ಮಿ ಹಿಡಿದ ಫೋನಿನ ಮುಂದೆ ಅವಳು ನಕ್ಕಳು, ಮುಖ ಗಂಟಿಕ್ಕಿದಳು, ಜೂನಿನ ಫೋಟೊದಲ್ಲಿದ್ದ ಹಾಗೆ ಅಳುಮುಖ ಮಾಡಿದಳು. ದ್ರೌಪದಿಯ ಕೂದಲು ಕಸಿದು ಹಾಕಿಕೊಳ್ಳೋಣವೆಂದರೆ ಫೋನು ಮತ್ತೆ ಆ ಹುಡುಗನನ್ನೇ ಕಂಡೀತೆಂಬ ಭಯ; ಅದು ಆಗಲೇ ನಿಷ್ಠುರವಾಗಿ ಬರೆದಿತ್ತು: ಮೂರು ಪ್ರಯತ್ನ ಮುಗಿದಿವೆ, ಕೊನೆಯ ಒಂದು ಅವಕಾಶ.

ನಾಗಲಕ್ಷ್ಮಿ ಫೋನು ಕೆಳಗಿಳಿಸಿದಳು. "ಸಾರ್, ಈಕಿ ನಿಮ್ ಮುಂದ ನಿಂತಾಳ. ನಿಮ್ ಕಣ್ಣಿಗೆ ಕಾಣ್ತಾಳಲ್ಲ?"

"ಕಾಣ್ತಾಳಮ್ಮ."

"ಹಂಗಾರ ಬರ್ಕೊಳ್ರಿ, ಅರವತ್ತೊಂದು."

"ನಾ ಕಂಡದ್ದು ಲೆಕ್ಕಕ್ಕ ಬರಂಗಿಲ್ಲ. ಅದು ಕಾಣಬೇಕು."

"ಮುಟ್ಟಿ ನೋಡ್ರಿ ಬೇಕಾರ. ಮಗ್ಗಿ ಕೇಳ್ರಿ. ಮಗ್ಗಿ ಹೇಳೋ ಮಗಾ ಇಲ್ಲ ಅಂತ ಹೆಂಗಂತೀರಿ?"

"ಹದಿನಾರೊಂದ್ಲ ಹದಿನಾರು..." ಅಂಜನಾ ಶುರು ಹಚ್ಚಿಕೊಂಡೇಬಿಟ್ಟಳು.

"ಸಾಕ್ ಸಾಕವ್ವಾ!" ಸಾಹೇಬರು ಕೈ ಎತ್ತಿದರು. ಅವರೇನು ದುಷ್ಟರಲ್ಲ. ಆದೇಶ ಓದಿ ಓದಿ ಅವರ ಕಣ್ಣು ಸವೆದಿತ್ತು, ಅಷ್ಟೇ. "ನೋಡಮ್ಮಾ, ಗುಂಡು ಅನ್ನೋದು ನೆವ. ಈ ಯಂತ್ರ ಕೂದ್ಲು ನೋಡಂಗಿಲ್ಲ, ಮುಖದ ಲಕ್ಷಣ ನೋಡ್ತೈತಿ. ನನಗ ಬೆಂಗ್ಳೂರಾಗ ಮೂರು ದಿನ ತರಬೇತಿ ಕೊಟ್ಟಾರ. ಬೋಳುತಲಿ ಇದ್ದೋರ್ನ ಗುರ್ತು ಹಿಡೀದಿದ್ರ ನಮ್ಮಂಥೋರ ಗತಿ ಏನು? ಹಿಡಿ ಇಲ್ಲೆ, ನಾನ ತೋರಿಸ್ತೀನಿ."

ಹೀಗಂದು, ಯಂತ್ರದ ಮಾನ ಉಳಿಸುವ ಆವೇಶದಲ್ಲಿ, ತಾಲೂಕು ಹನ್ನೆರಡು ವರ್ಷದಿಂದ ಕಾಣದಿದ್ದದ್ದನ್ನು ತೋರಿಸಿದರು. ನೀಲಿ ಟೋಪಿ ಕೈಗೆ ಬಂತು. ಕೆಳಗಿನ ತಲೆ ಉರುಕುಂದಿಯ ಯಾವ ಕ್ಷೌರಿಕನಿಗೂ ಸಾಧ್ಯವಾಗದಷ್ಟು ನುಣುಪಾಗಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಛಾವಣಿಗೆ ಹಾರಿತು.

ನಾಗಲಕ್ಷ್ಮಿ ಫೋನು ಎತ್ತಿ ಹಿಡಿದಳು.

ಟಿಣ್.

'ಅಂಜನಾ, ನಾಲ್ಕನೇ ತರಗತಿ, ಹೆಣ್ಣು. ಹಾಜರು. ಒಟ್ಟು ಅರವತ್ತೊಂದು. ಈ ದಿನದ ಗಣತಿ ಪೂರ್ಣಗೊಂಡಿದೆ. ಧನ್ಯವಾದಗಳು.'

ಅಂಜನಾ ಕತ್ತು ಚಾಚಿ ಫೋನು ನೋಡಿ, ಆಮೇಲೆ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ವಲ್ಪ ಬೇಜಾರಾದಳು.

"ತೆಗೀರಿ! ತೆಗೀರಿ ಅದನ್ನ!" ಸಾಹೇಬರು ಟೋಪಿ ತಲೆಗೆ ಒತ್ತಿದರು.

"ಒಮ್ಮಿ ಬಿದ್ ಹಾಜರಿ ತೆಗ್ಯಾಕ ಬರಂಗಿಲ್ರಿ ಸಾರ್," ಎಂದು ಗವಿಸಿದ್ದಪ್ಪ, ಸೇವೆಗೆ ಸೇರಿದ ಮೇಲೆ ಮೊದಲ ಸಲ ಧೈರ್ಯ ಮಾಡಿ, ಕುಂಬಳಕಾಯಿಯ ಪತ್ರವನ್ನು ಕಡತದಿಂದ ತೆಗೆದು ಮುಂದಿಟ್ಟರು. "ನಿಮ್ದ ರುಜು ಐತಿ."

ಸಾಹೇಬರು ತಮ್ಮ ರುಜುವನ್ನು ಬಹಳ ಹೊತ್ತು ನೋಡಿದರು. ಅದು ಅವರದೇ ಆಗಿತ್ತು.

ನಾಗಲಕ್ಷ್ಮಿಗೆ ನಗು ಬಂದಿತ್ತು, ಆದರೆ ಬಾಯಿಗೆ ಬಂದದ್ದು ಬೇರೆ. ಏಳು ವರ್ಷ ಅತಿಥಿಯ ಮರ್ಯಾದೆಯಲ್ಲಿ ನುಂಗಿದ್ದದ್ದು. "ಬ್ಯಾಡ ಬಿಡ್ರಿ ಸಾರ್, ನನಗ ಸುಳ್ಳು ಅರವತ್ತೊಂದು ಬ್ಯಾಡ. ಯಂತ್ರ ತಪ್ಪು ಮಾಡ್ತು ಅಂತ ಬರೀರಿ. ಸಾಹೇಬ್ರನ್ನ ಹುಡುಗಿ ಅಂತು, ಕುಂಬಳಕಾಯಿನ್ನ ಹುಡುಗ ಅಂತು, ಕಣ್ಮುಂದಿನ ಮಗೂನ್ನ ಇಲ್ಲ ಅಂತು, ಅಂತ ಬರೀರಿ. ಬರದು, ಇದ ಯಂತ್ರದ ಮಾತು ಕೇಳಿ ಈ ತಾಲೂಕಿನಾಗ ಯಾರ್ಯಾರ್ನ ಮನಿಗೆ ಕಳ್ಸೀರಿ, ಅವ್ರನ್ನೆಲ್ಲಾ ವಾಪಸ್ ಕರೀರಿ. ನಾನು ಅವ್ರ ಜೊತೀಗೆ ಸಾಲಿನಾಗ ನಿಂದ್ರತೀನಿ. ಇಲ್ಲಾಂದ್ರ ಅರವತ್ತೊಂದು ಅಂತ ಬರೀರಿ. ಎರಡ್ರಾಗ ಒಂದು."

ಸಾಹೇಬರು ಲೆಕ್ಕ ಹಾಕಿದರು. ಹಾಗೆ ಮನೆಗೆ ಹೋದವರು ಹನ್ನೊಂದು ಶಾಲೆಯವರು. ಹನ್ನೊಂದು ಪಟ್ಟಿಗೂ ಅವರದೇ ರುಜು. ಒಂದು ತಪ್ಪು ಒಪ್ಪಿಕೊಂಡರೆ ಹನ್ನೊಂದು ಎದ್ದು ಕೂರುತ್ತವೆ. ಅದರ ಮುಂದೆ ಒಂದು ದಿನದ ಮಟ್ಟಿಗೆ ನಾಲ್ಕನೇ ತರಗತಿಯ ಹುಡುಗಿಯಾಗುವುದು ದೊಡ್ಡ ಸಂಗತಿಯಲ್ಲ ಅನ್ನಿಸಿರಬೇಕು. ಪೆನ್ನು ತೆಗೆದರು. 'ಖುದ್ದು ಪರಿಶೀಲಿಸಲಾಗಿ, ಮಕ್ಕಳು ಅರವತ್ತೊಂದು. ಮೂರನೆಯ ಹುದ್ದೆ ಮುಂದುವರಿಸಬಹುದು.' ರುಜು.

"ಮಾರ್ಚ್‌ತನ ಅಷ್ಟ," ಎಂದರು, ನಾಗಲಕ್ಷ್ಮಿಯ ಕಡೆ ನೋಡದೆ.

"ಮಾರ್ಚ್‌ಗೆ ಮತ್ ಬರ್ತೀವ್ರಿ ಸಾರ್. ಈ ಸಲ ಆ ಹನ್ನೊಂದು ಸಾಲಿಯವ್ರೂ ಬರ್ತಾರ. ಫೋನ್ ನಂಬರ್ ತಗೊಂಡೀನಿ."

ಸಾಹೇಬರು ಹೊರಡಲೆಂದು ತಿರುಗಿದರೆ ಬಾಗಿಲಲ್ಲಿ ಕೊಟ್ರಬಸಮ್ಮ. ಒಂದು ಕೈಯಲ್ಲಿ ಅನ್ನ ಸಾರಿನ ತಾಟು, ಇನ್ನೊಂದರಲ್ಲಿ ಸೌಟು.

"ಕುಂದರ್ರಿ ಸಾಹೇಬ್ರ. ಟಿಣ್ ಅಂದ್ ತಲಿಗೆ ಮೊಟ್ಟಿ ಕೊಡ್ಲಿಲ್ಲ ಅಂದ್ರ ನಾಳಿ ನನ್ನ ಕೆಲ್ಸದಿಂದ ತೆಗೀತೀರಿ ನೀವ."

"ನನಗ ಬ್ಯಾಡಬೇ, ಬುಧವಾರ ಗುರುವಾರ ನಾ ಮೊಟ್ಟಿ ಮುಟ್ಟಂಗಿಲ್ಲ."

"ನಿಮ್ಮ ಹೆಸ್ರಿಗಲ್ರಿ, ಅಂಜನಾನ ಹೆಸ್ರಿಗೆ."

ಸಾಹೇಬರು ನಾಲ್ಕನೇ ತರಗತಿಯ ಸಾಲಿನಲ್ಲಿ, ದುಶ್ಶಾಸನನಿಗೂ ಅಂಜನಾಗೂ ನಡುವೆ, ಮೊಣಕಾಲು ಮಡಚಿ ಕೂತರು. ತಾಟಿನಲ್ಲಿ ಮೊಟ್ಟೆ ಅವರ ತಲೆಯಂತೆಯೇ ಹೊಳೆಯುತ್ತಿತ್ತು. ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ಮೆಲ್ಲಗೆ ಎತ್ತಿ ಅಂಜನಾಳ ತಾಟಿಗೆ ಹಾಕಿದರು. ಅಲ್ಲಿ ಆಗಲೇ ಕೊಟ್ರಬಸಮ್ಮ ಕದ್ದು ಹಾಕಿದ್ದ ಒಂದು ಇತ್ತು.

ನಾಗಲಕ್ಷ್ಮಿ ಕಪಾಟಿನಿಂದ ಹಳೆಯ ಹಾಜರಿ ಪುಸ್ತಕ ಹೊರತೆಗೆದಳು. ಯಾರೂ ಕೇಳದಿದ್ದರೂ, ಅವಳು ದಿನಾ ಒಂದು ಸಲ ಹೆಸರು ಹಿಡಿದು ಕೂಗಿಯೇ ತೀರುತ್ತಿದ್ದಳು. ನಾಲ್ಕನೇ ತರಗತಿಗೆ ಬಂದಳು.

"ಅಂಜನಾ?"

ಎರಡು ಮೊಟ್ಟೆ ಮುಂದಿಟ್ಟುಕೊಂಡ ಹುಡುಗಿ ಪಕ್ಕಕ್ಕೆ ತಿರುಗಿ, ಸಾಹೇಬರ ಮೊಣಕೈ ತಿವಿದು, ಪಿಸುಗುಟ್ಟಿದಳು.

"ನೀವ್ ಹೇಳ್ತೀರೋ, ನಾ ಹೇಳ್ಲೋ?"