ಏಳನೇ ನಿಯಮ

ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಸಿಟ್ಟು ಬಾರದಿದ್ದರೇ ಆಶ್ಚರ್ಯ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ಚುನಾವಣೆಗೆ ನಿಂತೆ, ಗೆದ್ದೆ. ಈಗ ತಿಟ್ಟಿನಪೇಟೆ ಪಟ್ಟಣ ಪಂಚಾಯಿತಿಯ ಅಧ್ಯಕ್ಷೆ ಇಂದಿರ ಎಂದರೆ ನಾನೇ. ಕೆ.ಆರ್. ಪೇಟೆಯಿಂದ ನಾಗಮಂಗಲದ ಬಸ್ಸು ಹತ್ತಿ ಸ್ವಲ್ಪ ಕಣ್ಣು ಮುಚ್ಚಿದರೂ ನಮ್ಮೂರು ದಾಟಿ ಹೋಗಿರುತ್ತದೆ. ಅಷ್ಟು ಚಿಕ್ಕ ಊರಿನ ಹೆಸರು ಕಳೆದ ಎಂಟು ತಿಂಗಳಿಂದ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಓಡಾಡುತ್ತಿತ್ತು. ಕಾರಣ ‘ಕಿವಿ’.

ಆ ಹೆಸರಿಟ್ಟವಳು ನಾನು. ನಲ್ಲಿ, ಚರಂಡಿ, ಬೀದಿದೀಪ, ಕಸ, ಯಾವ ದೂರಿದ್ದರೂ ಜನ ಒಂದು ನಂಬರಿಗೆ ಫೋನ್ ಮಾಡಿ ತಮ್ಮ ಮಾತಿನಲ್ಲೇ ಹೇಳಿದರೆ ಸಾಕು. ಕೃತಕ ಬುದ್ಧಿಮತ್ತೆಯ ಯಂತ್ರವೊಂದು ಅದನ್ನು ಕೇಳಿಸಿಕೊಂಡು, ಯಾವುದು ತುರ್ತು, ಯಾವುದು ನಾಳೆ ಆದರೂ ಆದೀತು ಎಂದು ವಿಂಗಡಿಸಿ ಆಯಾ ಕೆಲಸದವರಿಗೆ ಕಳಿಸುತ್ತದೆ. ಇದನ್ನು ಕಟ್ಟಿಕೊಟ್ಟ ಸಿಂಚನ ಪಾಂಡವಪುರದ ಹುಡುಗಿ, ಇಂಜಿನಿಯರು. ಅವಳು ಕೋಣೆಯಲ್ಲಿ ಕೂತು ಕಟ್ಟಿದ್ದಲ್ಲ. ಮೂರು ವಾರ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಬಾಚಹಳ್ಳಿಯ ಸಂತೆಯಲ್ಲಿ ಬಿಸಿಲಿಗೆ ನಿಂತು ಜನರ ಮಾತು ರೆಕಾರ್ಡು ಮಾಡಿಕೊಂಡಳು. ಹಾಗಾಗಿ ‘ಚರಂಡಿ ಕಟ್ಕಂಡು ಗಬ್ಬೆದ್ದೋಗದೆ’ ಎಂದು ಯಾರಾದರೂ ಕೂಗಿದರೂ ಅದಕ್ಕೆ ತಿಳಿಯುತ್ತಿತ್ತು. ಒಂಬತ್ತು ದಿನ ಹಿಡಿಯುತ್ತಿದ್ದ ಕೆಲಸ ಎರಡು ದಿನಕ್ಕೆ ಇಳಿಯಿತು. ನಾನು ಹೋದಲ್ಲೆಲ್ಲ ಕೊಚ್ಚಿಕೊಂಡೆ. ಕೊಚ್ಚಿಕೊಳ್ಳುವಂಥ ಕೆಲಸವೇ ಆಗಿತ್ತು, ಅದರಲ್ಲಿ ನನಗೆ ಈಗಲೂ ಸಂಕೋಚವಿಲ್ಲ.

ಒಂದು ಗುರುವಾರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಊರುಗಳ ಅಧ್ಯಕ್ಷರು ಕಿವಿಯನ್ನು ನೋಡಲು ಬರುವುದೆಂದು ನಿಗದಿಯಾಯಿತು. ಮೆಚ್ಚಿದರೆ ತಮ್ಮ ಊರಿಗೂ ತೆಗೆದುಕೊಳ್ಳುವ ಮಾತಾಗಿತ್ತು. ಹಿಂದಿನ ದಿನ, ಬುಧವಾರ ಬೆಳಿಗ್ಗೆ ನಾನೂ ನಮ್ಮ ಮುಖ್ಯಾಧಿಕಾರಿ ಸಿದ್ದರಾಜುವೂ ಯಾರನ್ನು ಎಲ್ಲಿ ಕೂರಿಸುವುದು ಎಂದು ಮಾತಾಡುತ್ತಿದ್ದಾಗ ಬಾವಿಬೀದಿಯ ದ್ಯಾವಮ್ಮ ಒಳಗೆ ಬಂದು ನನ್ನ ಮೇಜಿನ ಮೇಲೆ ಒಂದು ಬಾಟಲಿ ಕುಕ್ಕಿದಳು. ದ್ಯಾವಮ್ಮ ಸೊಪ್ಪು ಮಾರುವವಳು. ನನಗಿಂತ ಎರಡು ವರ್ಷ ದೊಡ್ಡವಳಿರಬೇಕು.

“ಕುಡೀರಿ ಟೀಚರಮ್ಮ.”

ಬಾಟಲಿಯಲ್ಲಿದ್ದದ್ದು ಟೀ ಬಣ್ಣದ ನೀರು. ಮುಚ್ಚಳ ತೆಗೆದ ತಕ್ಷಣ ಚರಂಡಿ ವಾಸನೆ ಮೂಗಿಗೆ ರಾಚಿತು.

“ಏನಿದು ದ್ಯಾವಮ್ಮ?”

“ನಮ್ ಬೀದಿ ನಲ್ಲೀಲಿ ಬತ್ತಿರ ನೀರು. ಇವತ್ಗೆ ಅನ್ನೊಂದು ದಿನ. ಮೂರು ಮಕ್ಳು ಆಸ್ಪತ್ರೆಲವೆ. ನಮ್ ಮೊಮ್ಮಗ್ಳು ಪ್ರಿಯಾಂಕಂಗೂ ಗ್ಲೂಕೋಸ್ ಆಕವ್ರೆ. ನಿಮ್ ಕಿವೀಗೆ ಅದಿನೇಳು ಕಿತ ಪೋನ್ ಮಾಡಿವ್ನಿ. ‘ನಿಮ್ಮ ದೂರು ದಾಖಲಾಗಿದೆ, ಧನ್ಯವಾದ’ ಅಂತದೆ. ಧನ್ಯವಾದ ಕಟ್ಕಂಡು ನಾನೇನ್ ಮಾಡ್ಲಿ?”

ಸಿದ್ದರಾಜು ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದ. ಊರಿನ ನಕ್ಷೆಯಲ್ಲಿ ಬಾವಿಬೀದಿ ಹಸಿರಾಗಿತ್ತು. ಒಂದು ದೂರೂ ಬಾಕಿಯಿಲ್ಲ. ನಾನು ಹಸಿರನ್ನೇ ನಂಬಿದೆ.

“ನೀವು ಬೇರೆ ನಂಬರಿಗೆ ಮಾಡಿರ್ತೀರಿ ದ್ಯಾವಮ್ಮ, ಸರಿಯಾಗಿ ನೋಡ್ಕೊಳ್ಳಿ” ಎಂದೆ, ಲೆಕ್ಕ ತಪ್ಪಿದ ಹುಡುಗಿಗೆ ಹೇಳುವ ದನಿಯಲ್ಲಿ.

“ಅಂಗಾದ್ರೆ ನಾನು ಸುಳ್ಳೇಳ್ತಿವ್ನಾ? ಮೂರು ಮಕ್ಳು ಸುಳ್ಸುಳ್ಳೆ ವಾಂತಿ ಮಾಡ್ಕತಾವಾ?” ಎಂದು ಸೆರಗಿನ ಗಂಟಿನಿಂದ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು. ನಂಬರು ಸರಿಯಾಗಿಯೇ ಇತ್ತು. ಹದಿನೇಳು ಕರೆ.

ವಾಲ್ವ್ ತಿರುಗಿಸುವ ಚಲುವಯ್ಯನಿಗೆ ಫೋನ್ ಮಾಡಿ ಬಾವಿಬೀದಿಯ ನೀರು ನಿಲ್ಲಿಸಲು, ಟ್ಯಾಂಕರ್ ಕಳಿಸಲು ಹೇಳಿದೆ. ಆಮೇಲೆ ಪಕ್ಕದ ಕೋಣೆಯಲ್ಲಿದ್ದ ಸಿಂಚನಳನ್ನು ಕೂಗಿದೆ. ನನ್ನ ಕೂಗಿಗೆ ಅವಳ ಜೊತೆ ಇನ್ನೂ ನಾಲ್ಕು ಜನ ಬಂದರು.

ಸಿಂಚನ ಕೂತು ಏನೇನೋ ತೆರೆದು ನೋಡಿದಳು. “ಹದಿನೇಳೂ ಬಂದಿವೆ ಮೇಡಂ. ಅರ್ಥವೂ ಆಗಿದೆ, ‘ಕುಡಿಯುವ ನೀರಿಗೆ ಚರಂಡಿ ಸೇರಿದೆ, ಅತಿ ತುರ್ತು’ ಅಂತ ಬರ್ಕೊಂಡಿದೆ. ಆದ್ರೆ ಯಾರಿಗೂ ಕಳಿಸಿಲ್ಲ. ಪಕ್ಕಕ್ಕೆ ಇಟ್ಟಿದೆ.”

“ಯಾಕೆ?”

“ಏಳನೇ ನಿಯಮ. ಒಂದೇ ನಂಬರಿಂದ ವಾರಕ್ಕೆ ನಾಲ್ಕಕ್ಕಿಂತ ಜಾಸ್ತಿ ದೂರು ಬಂದ್ರೆ ಅವರು ಸುಮ್‌ಸುಮ್ನೆ ದೂರೋರು, ಅವರ ದೂರನ್ನ ಕೆಲಸದವರಿಗೆ ಕಳಿಸಬೇಡ ಅಂತ. ದ್ಯಾವಮ್ಮನವರು ಹೋದ ತಿಂಗಳು ಒಂದೇ ವಾರದಲ್ಲಿ ಆರು ಮಾಡಿದ್ದಾರೆ. ಅವತ್ತಿಂದ ಇವರ ಯಾವ ದೂರೂ ಹೊರಗೆ ಹೋಗಿಲ್ಲ.”

“ನಂದೊಬ್ಳದಲ್ಲ ಕಣವ್ವ ಅದು” ಎಂದಳು ದ್ಯಾವಮ್ಮ. “ನಮ್ ಬೀದೀಲಿ ಇಪ್ಪತ್ತಾರು ಮನೆ. ಆಪೀಸು ಮಾತು ಎಲ್ಲಾ ನಂದೇ. ಅರ್ಜಿ ಬರ್ಸೋ ಕಾಲ್ದಿಂದ್ಲೂ ಅಂಗೇ. ಎಲ್ರೂ ಬಾಯಾಕುದ್ರೆ ನೀವು ಯಾರ್ ಮಾತ್ನೂ ಕೇಳಾಕಿಲ್ಲ. ಯಾರ್ ಮನೆ ನಲ್ಲಿ ಕೆಟ್ರೂ, ಯಾರ್ ಮನೆ ಮುಂದೆ ದೀಪ ಓದ್ರೂ ಸಂಜೆ ಬಂದು ನಂಗೇಳ್ತರೆ, ನಾನು ಪೋನ್ ಮಾಡ್ತೀನಿ.”

ಇಪ್ಪತ್ತಾರು ಮನೆಗೆ ವಾರಕ್ಕೆ ಆರು ದೂರು. ಅದೇನು ಹೆಚ್ಚಲ್ಲ. ಆದರೆ ಯಂತ್ರಕ್ಕೆ ಕಂಡದ್ದು ಒಬ್ಬ ಜಗಳಗಂಟಿ ಹೆಂಗಸು. ನನಗೆ ತಲೆಗೆ ರಕ್ತ ಏರಿತು.

“ಯಾವ ತಲೆಕೆಟ್ಟವರು ಈ ನಿಯಮ ಮಾಡಿದ್ದು?”

ಸಿದ್ದರಾಜು ಫ್ಯಾನು ನೋಡಿದ. ಸಿಂಚನ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ನೀವೇ ಮೇಡಂ” ಎಂದಳು.

ಎಲ್ಲವೂ ನೆನಪಾಯಿತು. ನಮ್ಮ ಎದುರು ಮನೆಯಲ್ಲಿ ನಾಗೇಂದ್ರ ಇದ್ದಾರೆ, ಪೋಸ್ಟ್ ಆಫೀಸಿನಿಂದ ನಿವೃತ್ತರು. ಕಿವಿ ಶುರುವಾದ ವಾರದಲ್ಲಿ ಅವರೊಬ್ಬರೇ ನಲವತ್ತೊಂದು ದೂರು ಕೊಟ್ಟಿದ್ದರು. ನಾಯಿ ಬೊಗಳುತ್ತದೆ, ದೀಪ ಐದು ನಿಮಿಷ ತಡವಾಗಿ ಹತ್ತಿತು, ಕಸದ ಗಾಡಿಯ ಹಾಡು ಜೋರು. ಅದರಲ್ಲಿ ಹತ್ತೊಂಬತ್ತು ದೂರು ನನ್ನ ಮನೆಯ ಗೇಟಿನ ಮುಂದೆ ಕಾರು ಹತ್ತಿಸಲು ಹಾಕಿಸಿದ ಸಿಮೆಂಟಿನ ಇಳಿಜಾರಿನ ಮೇಲೆ. ಅದು ಚರಂಡಿಯ ಮೇಲೆ ಬಂದಿದೆಯಂತೆ. ಬಂದಿತ್ತು ಕೂಡ. ಆದರೂ ಅಧ್ಯಕ್ಷೆಯ ಮೇಲೆ ಅಧ್ಯಕ್ಷೆಯ ಯಂತ್ರಕ್ಕೇ ದೂರು ಕೊಡುವುದೆಂದರೆ? ‘ಈ ಮನುಷ್ಯನ ಬಾಯಿ ಮುಚ್ಚಿಸು’ ಎಂದು ಸಿಂಚನಳಿಗೆ ಹೇಳಿದೆ. ‘ಒಬ್ಬರ ನಂಬರು ಮಾತ್ರ ತಡೆಯೋಕೆ ಬರಲ್ಲ ಮೇಡಂ, ಎಲ್ಲರಿಗೂ ಅನ್ವಯಿಸೋ ನಿಯಮ ಬೇಕು’ ಎಂದಿದ್ದಳು. ‘ಹಾಗಾದರೆ ನಿಯಮ ಮಾಡು’ ಎಂದೆ. ಮುಂದಿನ ಸಭೆಯಲ್ಲಿ ಸರ್ವಾನುಮತದಿಂದ ಪಾಸಾಯಿತು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ, ಅಂಬೊಡೆ ತಿಂದು ಎದ್ದೆವು.

ದ್ಯಾವಮ್ಮನಿಗೆ ಇದೆಲ್ಲ ಪೂರ್ತಿ ತಿಳಿಯಿತೋ ಇಲ್ಲವೋ, ನನ್ನ ಮುಖ ನೋಡಿ ಸಾಕಷ್ಟು ತಿಳಿದಿರಬೇಕು. ಬಾಟಲಿಯನ್ನು ಮೇಜಿನ ಮೇಲೇ ಬಿಟ್ಟು, ಆಸ್ಪತ್ರೆಗೆ ಹೋಗಬೇಕು ಎಂದು ಹೊರಟಳು.

ಅವಳು ಹೊರಗೆ ಹೋದದ್ದೇ ಸಿದ್ದರಾಜು ಬಾಗಿಲು ಮುಂದೆ ಮಾಡಿದ. ಕೆಟ್ಟ ಮನುಷ್ಯನೇನಲ್ಲ, ಆಫೀಸಿನ ಮನುಷ್ಯ. “ಮಿಷನ್ನು ತಪ್ ಮಾಡ್ತು ಅಂದ್ಬುಡಣ ಮೇಡಂ. ಎಲ್ರೂ ನಂಬ್ತಾರೆ. ಏಳನೇ ನಿಯಮಾನ ಈಗ್ಲೇ ತೆಗ್ಸಾಕ್ಬುಡಿ. ನಾಳೆ ನಾಕು ಊರಿನ ದೊಡ್ಡೋರು ಬತ್ತಾವ್ರೆ, ಅವ್ರ ಮುಂದೆ ನಾವ್ಯಾಕೆ ಮರ್ಯಾದೆ ಕಳ್ಕೋಬೇಕು?”

ಸುಳ್ಳು ಹೇಳುವುದಿಲ್ಲ, ಆ ಮಾತು ನನಗೆ ಹಿತವಾಗಿ ಕೇಳಿಸಿತು. ಯಂತ್ರಕ್ಕೆ ಮಾನವಿಲ್ಲ, ಮರ್ಯಾದೆಯಿಲ್ಲ, ಮುಂದಿನ ಚುನಾವಣೆಯೂ ಇಲ್ಲ. ಬೈಸಿಕೊಂಡರೆ ಅದಕ್ಕೇನು ನಷ್ಟ? ಸಿಂಚನಳ ಕಡೆ ನೋಡಿದೆ.

“ತೆಗೀರಿ ಅಂದ್ರೆ ತೆಗೀತೀನಿ ಮೇಡಂ, ಎರಡು ನಿಮಿಷದ ಕೆಲಸ” ಎಂದಳು. “ಆದ್ರೆ ಅದು ತಪ್ಪು ಮಾಡಿಲ್ಲ. ಹೇಳಿದ್ದನ್ನ ಮಾಡಿದೆ.”

ನಾನು ಎದ್ದು ಆಸ್ಪತ್ರೆಗೆ ಹೋದೆ. ಪ್ರಿಯಾಂಕ ಏಳು ವರ್ಷದ ಹುಡುಗಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ಇನ್ನೆರಡು ದಿನಕ್ಕೆ ಮನೆಗೆ ಕಳಿಸುತ್ತೇವೆ, ಭಯವಿಲ್ಲ ಎಂದರು ಡಾಕ್ಟರು. ಮಗು ನನ್ನನ್ನು ನೋಡಿ ನಕ್ಕಿತು. ಬೈದಿದ್ದರೆ ಚೆನ್ನಾಗಿತ್ತು. ಮಂಚದ ಪಕ್ಕ ನಿಂತು ನಾನು ಅತ್ತೆ, ದ್ಯಾವಮ್ಮ ನನ್ನ ಕಡೆ ನೋಡದೆ ಮೊಮ್ಮಗಳ ಕಾಲು ಒತ್ತುತ್ತಿದ್ದಳು.

ಇವತ್ತು ತಪ್ಪನ್ನು ಯಂತ್ರದ ತಲೆಗೆ ಕಟ್ಟಿದರೆ ನಾಳೆ ನನ್ನಂಥ ಇನ್ನೊಬ್ಬ ಅಧ್ಯಕ್ಷರು ಇನ್ನೊಬ್ಬ ಎದುರುಮನೆಯವರ ಮೇಲಿನ ಸಿಟ್ಟಿಗೆ ಎಂಟನೇ ನಿಯಮ ಮಾಡುತ್ತಾರೆ, ಮತ್ತೆ ಯಂತ್ರದ ತಲೆಗೇ ಕಟ್ಟುತ್ತಾರೆ. ಇಷ್ಟು ಸರಳವಾದ ಲೆಕ್ಕ ನನಗೆ ಅಲ್ಲಿ ನಿಂತಾಗ ಬಿಡಿಸಲು ಬಂತು. ವಾಪಸು ಬಂದು ಸಿಂಚನಳಿಗೆ ಹೇಳಿದೆ: “ನಿಯಮ ತೆಗೀಬೇಡ. ಸಭೆ ಹಾಕಿದ್ದನ್ನ ಸಭೇನೇ ತೆಗೀಲಿ. ನೀನು ಒಂದು ಪ್ರಶ್ನೆ ಸೇರಿಸು. ಯಾರು ಫೋನ್ ಮಾಡಿದ್ರೂ, ಎಷ್ಟು ಮನೆ ಪರವಾಗಿ ಮಾತಾಡ್ತಿದ್ದೀರಿ ಅಂತ ಮೊದಲು ಕೇಳಲಿ.” ಅವಳು ಕಣ್ಣರಳಿಸಿ ಕೂತಲ್ಲೇ ಕೆಲಸಕ್ಕೆ ತೊಡಗಿದಳು. ಸಂಜೆಯೊಳಗೆ ಚಲುವಯ್ಯ ಬಾವಿಬೀದಿಯಲ್ಲಿ ಅಗೆಸಿ, ಚರಂಡಿಯ ಕೆಳಗೆ ಒಡೆದಿದ್ದ ಪೈಪನ್ನು ಬದಲಾಯಿಸಿದ.

ಗುರುವಾರ ಸಭಾಂಗಣ ತುಂಬಿತ್ತು. ನಾಲ್ಕೂ ಊರಿನ ಅಧ್ಯಕ್ಷರು ಮುಂದಿನ ಸಾಲಿನಲ್ಲಿ, ನಮ್ಮ ಸದಸ್ಯರು ಪಕ್ಕದಲ್ಲಿ, ಊರಿನವರು ಹಿಂದೆ. ಸಿಂಚನ ಕಿವಿಯ ಕೆಲಸ ತೋರಿಸಿದಳು, ಎಲ್ಲರೂ ತಲೆದೂಗಿದರು. ಆಗ ಪಾಂಡವಪುರದ ಅಧ್ಯಕ್ಷರು ಕೇಳಿದರು: “ಎಲ್ಲಾ ಸರಿ ಮೇಡಂ, ಇದು ತಪ್ಪು ಮಾಡಾಕಿಲ್ವಾ?”

ನಾನು ಎದ್ದು ಠರಾವು ಪುಸ್ತಕ ತೆರೆದು ಏಳನೇ ನಿಯಮವನ್ನು ಗಟ್ಟಿಯಾಗಿ ಓದಿದೆ. ಕೆಳಗಿದ್ದ ನನ್ನ ಸಹಿಯನ್ನೂ ಓದಿದೆ. ಯಾರ ಮೇಲಿನ ಸಿಟ್ಟಿಗೆ ಮಾಡಿದೆ, ಯಾವ ಬೀದಿಯ ಮಕ್ಕಳು ಅದಕ್ಕೆ ವಾಂತಿ ಮಾಡಿಕೊಂಡವು, ಒಂದನ್ನೂ ಬಿಡದೆ ಹೇಳಿದೆ. “ಇದು ನಾವು ಹೇಳಿದ್ದನ್ನ ಬೇಸರವಿಲ್ಲದೆ ಮಾಡುತ್ತೆ. ನಮ್ಮ ಗುಮಾಸ್ತ ಆಗಿದ್ದರೆ ‘ಮೇಡಂ, ದ್ಯಾವಮ್ಮ ಅಂಥವಳಲ್ಲ’ ಅಂತ ಒಂದು ಮಾತು ಹೇಳಿರೋನು. ಇದು ಹೇಳಲ್ಲ. ಹಾಗಾಗಿ ಇದಕ್ಕೆ ಏನು ಹೇಳಿಕೊಡಬೇಕು ಅನ್ನೋದನ್ನ ನಾವು ಕಣ್ಣು ಬಿಟ್ಟುಕೊಂಡು ತೀರ್ಮಾನ ಮಾಡಬೇಕು. ಇನ್ನು ಮೇಲೆ ಇದು ಪಕ್ಕಕ್ಕಿಟ್ಟ ಪ್ರತಿ ದೂರನ್ನೂ, ಇಡಿಸಿದವರ ಹೆಸರಿನ ಸಮೇತ, ಸೋಮವಾರ ಸೋಮವಾರ ನೋಟಿಸ್ ಬೋರ್ಡಿಗೆ ಹಾಕ್ತೀವಿ. ಮೊದಲನೇ ಹೆಸರು ನಂದು.”

ಸಿದ್ದರಾಜು ಮತ್ತೆ ಫ್ಯಾನು ನೋಡುತ್ತಿದ್ದ. ನಾಗಮಂಗಲದ ಅಧ್ಯಕ್ಷರು ಜೋರಾಗಿ ನಕ್ಕರು. “ಅಯ್ಯೋ ಬುಡಿ ಮೇಡಂ, ನಮ್ಮೂರ್ನಲ್ಲೂ ಒಬ್ಬ ನಾಗೇಂದ್ರ ಅವ್ನೆ. ನಾನಾಗಿದ್ರೂ ಇದೇ ನಿಯಮ ಮಾಡ್ತಿದ್ದೆ.”

“ಈ ಊರಿನ ನಾಗೇಂದ್ರ ಇಲ್ಲೇ ಇದ್ದಾನೆ” ಎಂದು ಹಿಂದಿನ ಸಾಲಿನಿಂದ ದನಿ ಬಂತು. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. “ಇಳಿಜಾರು ನಾಳೆ ಒಡೆಸ್ತೀನಿ ನಾಗೇಂದ್ರ ಅವರೇ, ನಾಯಿ ಬೊಗಳೋದು ಮಾತ್ರ ನನ್ನ ಕೈಲಿಲ್ಲ” ಎಂದೆ. ನಮ್ಮ ಸದಸ್ಯರು ಕೈಯೆತ್ತಿದರು, ಏಳನೇ ನಿಯಮ ಅಲ್ಲೇ ರದ್ದಾಯಿತು. ಅಂಬೊಡೆ ಆಮೇಲೆ ಬಂತು. ನಾಲ್ಕೂ ಊರಿನವರು ಸಿಂಚನಳನ್ನು ಸುತ್ತುವರಿದು, ನಿಮ್ಮ ನಿಯಮಗಳನ್ನು ಒಂದೊಂದಾಗಿ ಓದಿ ಹೇಳಮ್ಮ, ಆಮೇಲೆ ಯಂತ್ರದ ಮಾತು ಎಂದು ಹಿಡಿದುಕೊಂಡರು. ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಹೊಸ ಪ್ರಶ್ನೆಯನ್ನು ಎಲ್ಲರೆದುರು ಪರೀಕ್ಷಿಸಬೇಕಿತ್ತು. ಬಾಗಿಲ ಬಳಿ ನಿಂತಿದ್ದ ದ್ಯಾವಮ್ಮನನ್ನು ಸಿಂಚನ ಕೈಹಿಡಿದು ಮುಂದಕ್ಕೆ ಕರೆತಂದಳು. ಇಬ್ಬರೂ ಅಷ್ಟು ಹೊತ್ತು ಅಲ್ಲೇ ಏನೋ ಪಿಸುಗುಡುತ್ತಿದ್ದರು. ದ್ಯಾವಮ್ಮ ಸ್ಪೀಕರಿನಲ್ಲಿ ಫೋನ್ ಹಚ್ಚಿ ಒಂದೇ ಉಸಿರಿಗೆ ಹೇಳಿದಳು:

“ನಾನು ಬಾವಿಬೀದಿ ದ್ಯಾವಮ್ಮ. ನೆನ್ನೆ ಪೈಪ್ ಆಕಾಕೆ ಅಂತ ಗುಂಡಿ ತೋಡ್ಬುಟ್ಟು ಮುಚ್ದಲೆ ಒಂಟೋಗವ್ರೆ.”

ಚಲುವಯ್ಯ ತಲೆ ತಗ್ಗಿಸಿದ. ಯಂತ್ರ ಕೇಳಿತು: “ನೀವು ಎಷ್ಟು ಮನೆಯ ಪರವಾಗಿ ಮಾತಾಡುತ್ತಿದ್ದೀರಿ?”

ದ್ಯಾವಮ್ಮ ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿದಳು. ಇಪ್ಪತ್ತಾರು ಎನ್ನಲು ಇಷ್ಟು ಹೊತ್ತು ಬೇಕೇ ಎಂದು ನನಗೆ ಕಸಿವಿಸಿಯಾಯಿತು.

“ವಸಿ ತಡಿ ಕಣವ್ವ” ಎಂದು ಯಂತ್ರಕ್ಕೆ ಹೇಳಿ, ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು. “ಟೀಚರಮ್ಮ, ನೀವು ಇದ್ಕೆ ಒಂದ್ ಕಿತವೂ ಪೋನ್ ಮಾಡಿಲ್ವಂತೆ? ಈ ಮಗ ಯೋಳ್ತು” ಎಂದು ಸಿಂಚನಳತ್ತ ಕೈ ತೋರಿಸಿದಳು.

ನಾಲ್ಕು ಊರಿನ ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ಎಂಟು ತಿಂಗಳಲ್ಲಿ ನನ್ನ ಮನೆಯ ನಲ್ಲಿ ಕೆಟ್ಟಾಗಲೆಲ್ಲ ನಾನು ಕರೆದದ್ದು ನೇರವಾಗಿ ಚಲುವಯ್ಯನನ್ನು.

“ಇಲ್ಲ ದ್ಯಾವಮ್ಮ” ಎಂದೆ.

ಅವಳು ಅಂಗೈ ತೆಗೆದಳು.

“ಇಪ್ಪತ್ತೇಳು ಮನೆ ಕಣವ್ವ” ಎಂದಳು ಯಂತ್ರಕ್ಕೆ. “ಬರ್ಕೋ.”