ದೋರ್ಕಾಳ ಹೆಸರಿಲ್ಲದ ಕಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಮ್ಮವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಆದರೆ ಆ ಭಾನುವಾರ ಸ್ಪ್ರಿಂಗ್‌ವೇಲ್ ಸ್ಮಶಾನದಲ್ಲಿ ನಾನು ಮಾಡಿದ್ದು ಮೂಗಿನ ತುದಿಯ ಸಿಟ್ಟಿನಿಂದಲ್ಲ. ಅದು ಹೊಟ್ಟೆಯೊಳಗೆ ವರ್ಷಗಟ್ಟಲೆ ಕುದಿದ ಸಿಟ್ಟು.

ನನ್ನ ಅಕ್ಕ ರೂಷ್ಕಾ ತೀರಿಕೊಂಡದ್ದು ನಮ್ಮ ಯಹೂದಿ ಪಂಚಾಂಗದ ನಿಸಾನ್ ತಿಂಗಳಲ್ಲಿ, ಪಾಸೋವರ್ ಹಬ್ಬಕ್ಕೆ ಅಡುಗೆಮನೆಯ ಕಪಾಟು ತೊಳೆಯುತ್ತಿದ್ದಾಗ. ಅದು ಬಿಡುಗಡೆಯ ತಿಂಗಳು, ಸಂತೋಷದ ತಿಂಗಳು. ಆ ತಿಂಗಳಲ್ಲಿ ಸತ್ತವರ ಬಗ್ಗೆ ಹೆಣದ ಮುಂದೆ ನಿಂತು ಭಾಷಣ ಮಾಡುವಂತಿಲ್ಲ. ಎಪ್ಪತ್ತೆರಡು ವರ್ಷ ಬಾಳಿದವಳನ್ನು ಒಂದು ಒಳ್ಳೆಯ ಮಾತೂ ಇಲ್ಲದೆ ಮಣ್ಣಿಗಿಳಿಸಿ, ಸಲಿಕೆ ಹಿಡಿದು ಮುಚ್ಚಿ ಬಂದೆವು. "ಗೋರಿಗೆ ಕಲ್ಲು ನಿಲ್ಲಿಸೋ ದಿನ ಎಲ್ಲಾ ಹೇಳೋಣಮ್ಮ" ಎಂದು ನಮ್ಮ ಧರ್ಮಗುರು ರಬ್ಬಿ ಸಮಾಧಾನ ಮಾಡಿದರು. ನೆನ್ನೆ ಮೊನ್ನೆ ಗಡ್ಡ ಬಂದ ಹುಡುಗ, ನನಗೆ ಸಮಾಧಾನ ಹೇಳುತ್ತಾನೆ. ಆಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ಸಾಮಾನ್ಯವಾಗಿ ಕಲ್ಲು ನಿಲ್ಲಿಸುವುದು ವರ್ಷ ತುಂಬುವ ಹೊತ್ತಿಗೆ. ನನ್ನ ಅಕ್ಕನ ಮಗ ಜೆರ್ರಿಗೆ ಅಷ್ಟು ತಾಳ್ಮೆ ಎಲ್ಲಿ? ಅವನಿಗೆ ಎಲ್ಲ ಕೆಲಸವೂ ಬೇಗ ಮುಗಿಯಬೇಕು. ಸರ್ಫರ್ಸ್ ಪ್ಯಾರಡೈಸ್‌ಗೆ ಕಡಲ ತೀರದ ರಜಕ್ಕೆ ಹೋಗುವ ಮೊದಲೇ ತಾಯಿಯ ಕಲ್ಲನ್ನೂ ಮುಗಿಸಿಬಿಡೋಣ ಎಂದು ಆಸ್ಟ್ರೇಲಿಯಾದ ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ದಿನ ಗೊತ್ತುಮಾಡಿದ. ಮೆಲ್ಬರ್ನ್‌ನ ನಮ್ಮ ಜನರಲ್ಲಿ ಅರ್ಧ ಮಂದಿ ಆಗಲೇ ಉತ್ತರದ ಬಿಸಿಲಿಗೆ ಓಡಿದ್ದರು. ಉಳಿದವರಿಗೆ ಫುಟ್‌ಬಾಲ್ ಮ್ಯಾಚು. ಮಗ ತಾಯಿಗಾಗಿ ಕದ್ದಿಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಗಂಡಸರು ನಿಂತಿರಬೇಕು. ಜೆರ್ರಿ ಅವರಿಗೆ ಇವರಿಗೆ ಫೋನು ಮಾಡಿ, ಕಾಡಿ ಬೇಡಿ ಹತ್ತು ತಲೆ ಹೊಂದಿಸಿದ್ದ. ಅದರಲ್ಲಿ ಮೂವರು ಆಮೇಲೆ ಸಿಗುವ ಹೆರಿಂಗ್ ಮೀನಿಗೂ ಗುಟುಕು ವೋಡ್ಕಾಗೂ ಬಂದವರು. ಆ ಹತ್ತರಲ್ಲಿ ನನ್ನ ಗಂಡ ಹೆನೆಕ್ ಕೂಡ ಒಬ್ಬರು. ಹೆಂಗಸರಾದ ನಾವು ಎಷ್ಟು ಮಂದಿ ನಿಂತರೂ ಲೆಕ್ಕಕ್ಕಿಲ್ಲ.

ಮನುಷ್ಯರನ್ನು ಒಂದು ಎರಡು ಎಂದು ಎಣಿಸುವುದು ನಮ್ಮಲ್ಲಿ ಅಪಶಕುನ. ರಬ್ಬಿ ಹತ್ತು ಪದಗಳ ಒಂದು ಶ್ಲೋಕವನ್ನು ಗುನುಗುತ್ತ ತಲೆಗೊಂದು ಪದ ಹಂಚಿದರು. ಕೊನೆಯ ಪದ ಹೆನೆಕ್ ತಲೆಗೆ ಬಿತ್ತು. ಸರಿಯಾಯಿತು. ಜೆರ್ರಿ ಕಲ್ಲಿನ ಮೇಲಿದ್ದ ಬಿಳಿ ಬಟ್ಟೆ ಎಳೆದ.

ಕರಿಕಲ್ಲು, ಕನ್ನಡಿಯ ಹಾಗೆ ಉಜ್ಜಿದ್ದು. ಮೇಲೆ ಅಕ್ಕನ ಹೆಸರು. ಅದರ ಕೆಳಗೆ, ನಮ್ಮಂಥವರ ಕಲ್ಲುಗಳ ಮೇಲೆಲ್ಲ ಇರುವ ಹಾಗೆ, ಪೋಲೆಂಡಿನಲ್ಲಿ ಜರ್ಮನರು ಕೊಂದ, ಎಲ್ಲಿಯೂ ಗೋರಿ ಇಲ್ಲದ ನಮ್ಮವರ ಹೆಸರುಗಳು. ಅವರಿಗೆ ಬೇರೆ ಕಲ್ಲಿಲ್ಲ. ಬದುಕಿ ಬಂದು ಇಲ್ಲಿ ಸತ್ತವರ ಕಲ್ಲಿನಲ್ಲೇ ಅವರೂ ಇರಬೇಕು. ನಮ್ಮ ಅಪ್ಪ ಇದ್ದರು, ಅಮ್ಮ ಇದ್ದಳು, ಇಬ್ಬರು ತಮ್ಮಂದಿರು ಇದ್ದರು. ಅಕ್ಕನ ಮೊದಲ ಗಂಡ ಇಸ್ರುಲ್ ಕೂಡ ಇದ್ದ. ಅದರ ಕೆಳಗೆ ಒಂದು ದೊಡ್ಡ ದೀಪದ ಕಂಬದ ಚಿತ್ರ, ಚಿನ್ನದ ಬಣ್ಣದಲ್ಲಿ.

ದೋರ್ಕಾ ಇರಲಿಲ್ಲ.

ನಾನು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ಇರಲಿಲ್ಲ. ದೋರ್ಕಾ ಅಕ್ಕನ ಮೊದಲ ಮಗು. ಯುದ್ಧ ಶುರುವಾದ ಬೇಸಿಗೆಯಲ್ಲಿ ಹುಟ್ಟಿದ್ದು. ಮೊದಲ ಹಲ್ಲು ಬಂದಾಗ ನನ್ನ ಕೋಟಿನ ಗುಂಡಿ ಕಚ್ಚಿ ಹಿಡಿದು ಬಿಡಲೊಲ್ಲದೆ ಕೂತಿದ್ದಳು. ಅಕ್ಕ ನಕ್ಕು ನಕ್ಕು ಸುಸ್ತಾಗಿದ್ದಳು. ಆ ಚಳಿಗಾಲವೇ ನಾನು ನದಿ ದಾಟಿ ರಷ್ಯದ ಕಡೆಗೆ ಓಡಿದೆ. ಯುದ್ಧ ಮುಗಿದು ನಿರಾಶ್ರಿತರ ಶಿಬಿರದಲ್ಲಿ ಅಕ್ಕ ಸಿಕ್ಕಾಗ "ದೋರ್ಕಾ ಎಲ್ಲಿ?" ಅಂದೆ. "ಕೇಳಬೇಡ" ಅಂದಳು. ಅಷ್ಟರಲ್ಲೇ ನನಗೆ ಅರ್ಥವಾಯಿತು. ಆಗ ಯಾರನ್ನು ಕೇಳಿದರೂ ಉತ್ತರ ಒಂದೇ ಇತ್ತು.

ಅಂದಿನಿಂದ ಒಂದು ವಿಷಯ ಮಾತ್ರ ನನ್ನನ್ನು ಉರಿಸುತ್ತ ಬಂದಿತ್ತು. ಪ್ರಾಯಶ್ಚಿತ್ತದ ಹಬ್ಬದ ಸಂಜೆ ಅಕ್ಕ ಸತ್ತವರಿಗಾಗಿ ಗಾಜಿನ ಲೋಟದ ದೀಪ ಹಚ್ಚುತ್ತಿದ್ದಳು. ಅಪ್ಪ, ಅಮ್ಮ, ಇಬ್ಬರು ತಮ್ಮಂದಿರು, ಇಸ್ರುಲ್. ಐದು. ಆರನೆಯದು ಯಾವತ್ತೂ ಇಲ್ಲ. "ಕೂಸಿಗೂ ಒಂದು ಹಚ್ಚೇ" ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಅವಳು ಬೆಂಕಿಕಡ್ಡಿ ಆರಿಸಿ ಬೆನ್ನು ತಿರುಗಿಸಿಬಿಡುತ್ತಿದ್ದಳು. ಇದೆಲ್ಲ ಅವಳ ಎರಡನೇ ಗಂಡ ಶೀಮೆನ್ ಭಾವನ ಕೆಲಸ ಎಂದು ನಾನು ತೀರ್ಮಾನಿಸಿದ್ದೆ. ಬಾಯಿ ಸತ್ತ ಮನುಷ್ಯ. ಬೆಲ್ಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸಿ ಬದುಕಿದವರು. ಬಾಯಿ ಸತ್ತವರು ಮನೆಯೊಳಗೆ ಎಷ್ಟು ಹಟಮಾರಿಗಳು ಎಂದು ನನಗೆ ಗೊತ್ತಿಲ್ಲವೇ? ಸತ್ತ ಗಂಡನನ್ನಾದರೂ ಸಹಿಸಿಕೊಂಡಾರು, ಆದರೆ ಅವನ ಮಗುವನ್ನು ಮನೆಯಲ್ಲಿ ಹೆಸರೆತ್ತಲೂ ಬಿಟ್ಟಿರಲಾರರು.

"ಜೆರ್ರಿ, ದೋರ್ಕಾ ಹೆಸರು ಎಲ್ಲೋ?" ಅಂದೆ.

ಜೆರ್ರಿ ಪ್ರಾರ್ಥನೆಯ ಪುಸ್ತಕದಲ್ಲಿ ಮುಖ ಹುದುಗಿಸಿದ. "ಚಿಕ್ಕಮ್ಮ, ಆಮೇಲೆ ಮಾತಾಡೋಣ."

"ಆಮೇಲೆ ಯಾವಾಗ? ನೀನು ಸಮುದ್ರದಲ್ಲಿ ಬಿದ್ದು ಒದ್ದಾಡಿ ಬಂದ ಮೇಲಾ?"

"ಜಾಗ ಸಾಲಲಿಲ್ಲ ಚಿಕ್ಕಮ್ಮ."

ನನ್ನ ಮೈಯೆಲ್ಲ ಉರಿದುಹೋಯಿತು. "ಜಾಗ ಸಾಲಲಿಲ್ಲವಾ? ಅಲ್ಲಿ ಒಂದು ಕಂಬ ನಿಲ್ಲಿಸಿದ್ದೀಯಲ್ಲ, ಟ್ರಾಮಿನ ಕಂಬದಷ್ಟು ಉದ್ದ, ಅದಕ್ಕೆ ಜಾಗ ಇತ್ತಾ? ಎರಡಕ್ಷರದ ಕೂಸಿಗೆ ಇಲ್ಲ?"

"ಗೇನ್ಯಾ, ಸುಮ್ನಿರೇ" ಎಂದು ಹೆನೆಕ್ ನನ್ನ ಮೊಣಕೈ ಹಿಡಿದರು.

"ನೀವು ಸುಮ್ನಿರಿ. ನಲವತ್ತು ವರ್ಷದಿಂದ ಸುಮ್ನಿರೋದು ನಿಮ್ಮ ಕೆಲಸ, ಚೆನ್ನಾಗೇ ಮಾಡ್ತಾ ಇದ್ದೀರಿ, ಮುಂದುವರಿಸಿ."

ಹೆರಿಂಗ್‌ಗೆ ಬಂದ ಮುದುಕರಲ್ಲಿ ಒಬ್ಬ ಕಿಸಕ್ಕೆಂದ. ಜೆರ್ರಿ ಕೆಂಪಗಾದ. ಕೊನೆಗೆ ಬಾಯಿಬಿಟ್ಟ. "ಅಪ್ಪ ಬೇಡ ಅಂದ್ರು ಚಿಕ್ಕಮ್ಮ. ನಾನೇನು ಮಾಡ್ಲಿ?"

ಎಲ್ಲರೂ ಶೀಮೆನ್ ಭಾವನ ಕಡೆ ನೋಡಿದರು. ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು ಕಲ್ಲನ್ನೇ ನೋಡುತ್ತಿದ್ದರು.

"ಕೇಳಿದ್ರಾ ರಬ್ಬಿಗಳೇ?" ಅಂದೆ. "ಅವಳು ಬದುಕಿದ್ದಾಗ ಆ ಕೂಸಿಗೆ ದೀಪ ಹಚ್ಚೋಕೆ ಬಿಡಲಿಲ್ಲ. ಸತ್ತ ಮೇಲೆ ಕಲ್ಲಲ್ಲೂ ಜಾಗ ಕೊಡಲಿಲ್ಲ. ಇಂಥ ಕಲ್ಲಿನ ಮುಂದೆ ಕದ್ದಿಶ್ ಹೇಳ್ತೀರಾ? ಹೇಳಿ ನೋಡೋಣ."

ರಬ್ಬಿ ತಬ್ಬಿಬ್ಬಾದರು. "ಅಮ್ಮಾ, ಮೊದಲು ಪ್ರಾರ್ಥನೆ ಮುಗಿಸೋಣ. ಹತ್ತು ಜನ ಇದ್ದಾರೆ..."

ಆಗ ನನಗೆ ಹೊಳೆಯಿತು. ನಾನು ಲೆಕ್ಕಕ್ಕಿಲ್ಲ, ನಿಜ. ಆದರೆ ಲೆಕ್ಕದಲ್ಲಿರುವ ಒಬ್ಬರು ನನ್ನ ಗಂಡ.

"ರೀ, ಬನ್ರೀ" ಎಂದು ಹೆನೆಕ್ ತೋಳು ಹಿಡಿದೆ. "ಕಾರಿಗೆ ನಡೀರಿ."

"ಗೇನ್ಯಾ, ಇದೇನು..."

"ನಡೀರಿ ಅಂದೆ."

ಗೇಟಿನಾಚೆ ನಿಲ್ಲಿಸಿದ್ದ ಹೋಲ್ಡನ್ ಕಾರಿಗೆ ಅವರನ್ನು ಎಳೆದುಕೊಂಡು ಹೋದೆ. ಹಿಂದಿನಿಂದ ರಬ್ಬಿ ಮತ್ತೆ ಶ್ಲೋಕ ಗುನುಗುವುದು ಕೇಳಿಸಿತು. ಕೊನೆಯ ಪದಕ್ಕೆ ತಲೆ ಸಿಗಲಿಲ್ಲ. ಜೆರ್ರಿ "ಚಿಕ್ಕಮ್ಮಾ! ನಾಳೆ ಬೆಳಿಗ್ಗೆ ನಮ್ಮ ಫ್ಲೈಟು!" ಎಂದು ಕೂಗಿದ. ನಾನು ಕಾರಿನ ಬಾಗಿಲು ಎಳೆದುಕೊಂಡೆ, ಗಾಜು ಏರಿಸಿದೆ. ಹೆನೆಕ್ ಕೈ ಉಜ್ಜಿಕೊಂಡು "ಒಳ್ಳೇದೇ ಆಯ್ತು ಬಿಡು, ಕಾಲು ಮರಗಟ್ಟಿತ್ತು" ಅಂದರು. ಇಂಥ ಮನುಷ್ಯನ ಜೊತೆ ಜಗಳವಾಡಿಯೂ ಸುಖವಿಲ್ಲ.

ನನ್ನ ಕೋಟಿನ ಜೇಬಿನಲ್ಲಿ ಎರಡು ಕಲ್ಲುಗಳಿದ್ದವು, ಎಲ್‌ವುಡ್ ಕಡಲ ದಂಡೆಯಿಂದ ಆರಿಸಿ ತಂದವು. ಗೋರಿಯ ಮೇಲೆ ನಾವು ಹೂವಿಡುವುದಿಲ್ಲ, ಬಂದುಹೋದ ಗುರುತಿಗೆ ಕಲ್ಲಿಡುತ್ತೇವೆ. ಒಂದು ಅಕ್ಕನಿಗೆ, ಇನ್ನೊಂದು ದೋರ್ಕಾಗೆ. ಅವೆರಡನ್ನೂ ಜೇಬಿನೊಳಗೇ ಹಿಡಿದು ಕೂತೆ.

ಎಷ್ಟೋ ಹೊತ್ತಿನ ಮೇಲೆ ಯಾರೋ ಗಾಜು ತಟ್ಟಿದರು. ಶೀಮೆನ್ ಭಾವ. ಅಷ್ಟು ದೂರ ಕೋಲೂರಿಕೊಂಡು ಒಬ್ಬರೇ ಬಂದಿದ್ದರು. ಗಾಜು ಇಳಿಸಿದೆ, ಅರ್ಧ ಮಾತ್ರ.

"ಏನು ಭಾವ? ಒಬ್ಬ ಗಂಡಸು ಕಡಿಮೆ ಬಿದ್ದಾಗ ಕಷ್ಟ ಗೊತ್ತಾಗುತ್ತಲ್ಲ? ಒಂದು ಕೂಸು ಕಡಿಮೆ ಬಿದ್ರೆ ಯಾರಿಗೂ ಗೊತ್ತಾಗಲ್ಲ."

"ನಾನಲ್ಲ ಗೇನ್ಯಾ" ಅಂದರು. "ಅವಳೇ ಬೇಡ ಅಂದಿದ್ದು."

"ಸುಳ್ಳು."

"ಆಸ್ಪತ್ರೆಯಲ್ಲಿ ಕೈ ಹಿಡಿದು ಮಾತು ತಗೊಂಡಳು. ಎಲ್ಲರ ಹೆಸರೂ ಹಾಕಿಸಿ, ದೋರ್ಕಾಳದು ಬೇಡ. ಕಲ್ಲಿನ ಮೇಲೆ ಕೆತ್ತಿದರೆ ಅವಳು ಸತ್ತಳು ಅಂತ ನಾವೇ ಒಪ್ಪಿಕೊಂಡ ಹಾಗೆ ಅಂದಳು."

ಅವರು ಹೇಳುತ್ತ ಹೋದರು, ಒಂದೊಂದೇ ವಾಕ್ಯ, ನಡುನಡುವೆ ಉಸಿರು ತೆಗೆದುಕೊಂಡು. ಕೂಸಿಗೆ ಮೂರು ವರ್ಷವಾದಾಗ, ಎಲ್ಲರನ್ನೂ ರೈಲಿಗೆ ತುಂಬುತ್ತಾರೆಂಬ ಸುದ್ದಿ ಬಂದಾಗ, ಅಕ್ಕ ಅವಳನ್ನು ಒಬ್ಬ ಪೋಲಿಷ್ ಹೆಂಗಸಿನ ಕೈಗೆ ಕೊಟ್ಟಿದ್ದಳು, ಊರಿನಲ್ಲಿ ಬಟ್ಟೆ ಒಗೆಯುತ್ತಿದ್ದವಳಿಗೆ. ಯುದ್ಧ ಮುಗಿದ ಮೇಲೆ ಹುಡುಕಿಕೊಂಡು ಹೋದರೆ ಮನೆ ಖಾಲಿ. ಪಕ್ಕದವರು, ಅವಳು ಪಶ್ಚಿಮದ ಕಡೆ ಹೋದಳು, ಜೊತೆಗೊಂದು ಪುಟ್ಟ ಹುಡುಗಿ ಇತ್ತು ಅಂದರಂತೆ. ಅಷ್ಟೇ. ಮುಂದೆ ಯಾರಿಗೂ ಗೊತ್ತಿಲ್ಲ. ಅಕ್ಕ ರೆಡ್ ಕ್ರಾಸ್‌ನವರಿಗೆ ಹುಡುಕಲು ಹೇಳಿ, ಸುದ್ದಿ ಬಂದರೆ ತಿಳಿಸಲು ವಿಳಾಸ ಕೊಟ್ಟಿದ್ದಳು. ಮೊದಲು ಶಿಬಿರದ ವಿಳಾಸ, ಆಮೇಲೆ ಎಲ್‌ವುಡ್‌ನ ಮನೆಯದು.

ಎಲ್‌ವುಡ್‌ನ ಮನೆ! ಗೋಡೆ ತೇವ, ಟ್ಯಾಪು ಸೋರುವ, ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಕಳಚುವ ಆ ಎರಡು ಕೋಣೆಯ ಮನೆ. ಜೆರ್ರಿ ಕಾಲ್‌ಫೀಲ್ಡ್‌ನಲ್ಲಿ ಹೀಟರಿರುವ ಮನೆ ಕೊಳ್ಳುತ್ತೇನೆಂದರೂ ಅಕ್ಕ ಕದಲಲಿಲ್ಲ. ಅವಳ ಈ ಹಟದ ಬಗ್ಗೆ ನಾವೆಲ್ಲ ಎಷ್ಟು ನಕ್ಕಿದ್ದೆವು. "ಅರಮನೆ ಬಿಟ್ಟು ಮಹಾರಾಣಿ ಎಲ್ಲಿಗೆ ಬರ್ತಾಳೆ" ಎಂದು ನಾನೇ ಅವಳ ಮುಖಕ್ಕೆ ಅಂದಿದ್ದೆ.

"ವಿಳಾಸ ಬದಲಾದರೆ ಹೊಸದು ತಿಳಿಸಬಹುದಿತ್ತಲ್ಲ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನಾನೂ ಅಂದೆ. ಎಲ್ಲೋ ಒಂದು ಕಡೆ ಯಾರೋ ಬದಲಾಯಿಸೋದು ಮರೆತುಬಿಟ್ರೆ ಅಂದಳು."

"ನನಗೆ ಯಾಕೆ ಹೇಳಲಿಲ್ಲ ಭಾವ? ನಾನು ಅವಳ ತಂಗಿ. ಉಳಿದಿದ್ದೋಳು ನಾನೊಬ್ಬಳೇ."

ಭಾವ ನನ್ನನ್ನು ನೇರವಾಗಿ ನೋಡಿದರು. "ಪ್ರತಿ ವರ್ಷ ನೀನು, ಕೂಸಿಗೊಂದು ದೀಪ ಹಚ್ಚು ಅಂತಿದ್ದೆಯಲ್ಲ. ಅದಕ್ಕೇ."

ಸಿಟ್ಟು ಇಳಿಯಿತೆಂದು ನಾನು ಸುಳ್ಳು ಹೇಳಲಾರೆ. ಇಳಿಯಲಿಲ್ಲ, ದಾರಿ ತಪ್ಪಿತು ಅಷ್ಟೇ. ಅಕ್ಕನ ಮೇಲೆ ಬಂತು, ಇದನ್ನು ಒಬ್ಬಳೇ ನುಂಗಿಕೊಂಡು ಹೋಗಿದ್ದಕ್ಕೆ. ಆ ಒಗೆಯುವವಳ ಮೇಲೆ ಬಂತು, ಒಂದು ಸಾಲು ಬರೆಯದೆ ಹೋದದ್ದಕ್ಕೆ. ಅವಳನ್ನು ಬೈಯೋಣವೆಂದರೆ, ಕೂಸನ್ನು ಎತ್ತಿಕೊಂಡವಳೂ ಅವಳೇ. ಯಾರನ್ನು ಬೈಯಲಿ? ಬೈಯಬೇಕಾದವರು ಎಂದೋ ಪಿಂಚಣಿ ತೆಗೆದುಕೊಂಡು ಹಾಸಿಗೆಯ ಮೇಲೆ ಸುಖವಾಗಿ ಸತ್ತಿದ್ದರು.

"ಹೋಗ್ರೀ, ನಿಂತ್ಕೊಳ್ಳಿ" ಎಂದು ಹೆನೆಕ್‌ಗೆ ಹೇಳಿದೆ. ಅವರು ಇಳಿದು ಭಾವನ ತೋಳಿಗೆ ಆಸರೆ ಕೊಟ್ಟರು. ಹತ್ತು ತಲೆ ಆಯಿತು. ಜೆರ್ರಿ ಕದ್ದಿಶ್ ಹೇಳಿದ. ನಡುವೆ ಪುಸ್ತಕ ಇಳಿಸಿ ಕಣ್ಣೊರೆಸಿಕೊಂಡ, ಅದನ್ನು ನಾನು ಅವನಿಂದ ನಿರೀಕ್ಷಿಸಿರಲಿಲ್ಲ. ನಾನು ಬರೆದುಕೊಂಡು ಬಂದಿದ್ದ ಭಾಷಣ ಮಾಡಲಿಲ್ಲ. ಅದರಲ್ಲಿದ್ದದ್ದು ನನಗೆ ಗೊತ್ತಿದ್ದ ರೂಷ್ಕಾ. ಅವಳು ಅರ್ಧ ರೂಷ್ಕಾ.

ಒಂದು ಕಲ್ಲು ಗೋರಿಯ ಮೇಲಿಟ್ಟೆ. ಇನ್ನೊಂದನ್ನು ಇಡಲಾಗಲಿಲ್ಲ.

ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಜೆರ್ರಿ ಶುರುಮಾಡಿದ. "ಅಪ್ಪ, ಇನ್ನಾದರೂ ನಮ್ಮನೆಗೆ ಬಂದುಬಿಡಿ. ಆ ಮನೇಲಿ ಒಬ್ಬರೇ ಇದ್ದು ಏನು ಮಾಡ್ತೀರಿ?"

"ಬಾಗಿಲು ತೆಗೆಯೋಕೆ ಯಾರಾದರೂ ಬೇಕಲ್ಲಪ್ಪ" ಅಂದರು ಶೀಮೆನ್ ಭಾವ. ತನ್ನದಲ್ಲದ ಮಗು, ಒಮ್ಮೆಯೂ ನೋಡಿರದ ಮಗು.

"ಎಂಬತ್ತು ಹತ್ತಿರ ಬಂತು ಅಪ್ಪ, ಬಿದ್ದುಗಿದ್ದು ಹೋದರೆ..."

"ಅವರನ್ನು ಅಲ್ಲೇ ಇರೋಕೆ ಬಿಡೋ!" ಎಂದು ನಾನು ಕಿರುಚಿದೆ. ಬೇರೆ ಗೋರಿಗಳಿಗೆ ಬಂದವರು ತಿರುಗಿ ನೋಡಿದರು. ನೋಡಲಿ. "ನೀನು ಹೋಗಿ ಬಿಸಿಲು ಕಾಯಿಸ್ಕೋ, ಹೋಗು."

ಆಮೇಲೆ ಭಾವನ ಕಡೆ ತಿರುಗಿ ಒದ್ದೆ ಕೈ ಚಾಚಿದೆ.

"ನೀವೂ ಅಷ್ಟೆ ಭಾವ, ಎಲ್ಲ ಒಬ್ಬರೇ ಹೊತ್ಕೊಂಡು ಓಡಾಡೋದು ಬೇಡ. ವಯಸ್ಸಾಯ್ತು, ಕಿವಿನೂ ಮಂದ, ಯಾರಾದರೂ ತಟ್ಟಿದರೆ ನಿಮಗೆ ಕೇಳಿಸಲ್ಲ. ಆ ಮನೆಯ ಇನ್ನೊಂದು ಕೀ ಇದೆಯಲ್ಲ, ಅಕ್ಕನದು, ಅದನ್ನ ನನಗೆ ಕೊಡಿ."

ಅವರು ಜೇಬೆಲ್ಲ ತಡಕಾಡಿ ಗೊಂಚಲಿನಿಂದ ಒಂದನ್ನು ಬಿಚ್ಚಿ ಕೊಟ್ಟರು. ನಾನದನ್ನು ಉಳಿದ ಆ ಕಲ್ಲಿದ್ದ ಜೇಬಿಗೆ ಹಾಕಿಕೊಂಡೆ.