ಗೆರೆ ಮುಟ್ಟಿದ ಹೆಬ್ಬೆಟ್ಟು

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕಚೇರಿಯಲ್ಲಿ ಮೂರನೇ ಕಿಟಕಿಯ ಗುಮಾಸ್ತನ ಬಳಿ ಒಂದು ಪ್ಲಾಸ್ಟಿಕ್ ಹಾಳೆಯಿತ್ತು. ಆಚೆಯದು ಕಾಣುವಂಥದ್ದು. ಸಹಿಯ ಚೌಕವನ್ನು ಅದರ ಮೇಲೆ ಅವನೇ ಕೆಂಪು ಶಾಯಿಯಲ್ಲಿ ಗೀಚಿಕೊಂಡಿದ್ದ. ಅರ್ಜಿಯ ಮೇಲೆ ಹಾಳೆ ಇಡುವುದು, ಸಹಿಯ ಬಾಲ ಗೆರೆ ಮುಟ್ಟಿದರೆ ‘ತಿರಸ್ಕೃತ’ ಎಂದು ಮುದ್ರೆ ಒತ್ತುವುದು. ಹೀಗೆ ಮಾಡು ಅಂತ ಮೇಲಿನವರು ಯಾರೂ ಹೇಳಿರಲಿಲ್ಲ ಅನ್ನಿ. ಬೇಡ ಅಂತಲೂ ಹೇಳಿರಲಿಲ್ಲ.

ಈ ಶಿಸ್ತು ಅಮ್ಮನಿಂದ ಬಂದದ್ದು. ಆಕೆ ಮೂವತ್ತೆಂಟು ವರ್ಷ ಮೇಷ್ಟರಿಕೆ ಮಾಡಿದವಳು. ಗೆರೆ ದಾಟಿ ಬರೆದರೆ ಬೆರಳ ಗೆಣ್ಣಿಗೆ ಸ್ಕೇಲಿನ ಒಂದೇಟು. ಗಂಟೆ ಹೊಡೆದ ಮೇಲೂ ಬರೆಯುತ್ತಿದ್ದರೆ ಎರಡು. ಮಗ ಅಂತ ರಿಯಾಯಿತಿ ಇರಲಿಲ್ಲ.

ಅರ್ಜಿ ಹಾಕುವ ಕೊನೆಯ ದಿನ ಸಂಜೆ ಆಕೆಯೇ ಸರದಿಯಲ್ಲಿ ಬಂದು ನಿಂತಳು. ಮಗನ ಮನೆಗೆ ಬಂದಮೇಲೆ ಹಳೆಯ ಪಟ್ಟಿಯಿಂದ ಹೆಸರು ಹೋಗಿತ್ತು. ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಈಗ ಕೈ ನಡುಗುತ್ತದೆ. ಎರಡು ಅರ್ಜಿ ಆಗಲೇ ಇದೇ ಕಿಟಕಿಯಲ್ಲಿ ತಿರಸ್ಕೃತವಾಗಿದ್ದವು. ಮನೆಯಲ್ಲಿ ತಾಯಿ ಮಗ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

“ಅಮ್ಮಾ, ಮತ್ತೆ ಗೆರೆ ಮುಟ್ಟಿದೆ.”

“ಹೆಬ್ಬೆಟ್ಟು ಒತ್ತಬಹುದಾ?”

ಊರಿಗೆಲ್ಲ ಸಹಿ ಹಾಕಲು ಕಲಿಸಿದ ಕೈ ಅದು. “ಒತ್ತಬಹುದು” ಎಂದು ಹೊಸ ಅರ್ಜಿ, ಶಾಯಿ ಪ್ಯಾಡು ಮುಂದಿಟ್ಟ.

ಆಕೆ ಒತ್ತಿದಳು. ಅವನು ಹಾಳೆ ಇಟ್ಟು ನೋಡಿದ. ಹೆಬ್ಬೆಟ್ಟು ಮೇಲೂ ಚೌಕದ ಹೊರಗೆ, ಕೆಳಗೂ ಹೊರಗೆ.

“ಅಲ್ಲಪ್ಪಾ, ಇಷ್ಟು ಚಿಕ್ಕ ಚೌಕದಲ್ಲಿ ಇಷ್ಟು ದಿನ ಯಾರ ಹೆಬ್ಬೆಟ್ಟು ಹಿಡಿಸಿತು?”

ಗುಮಾಸ್ತ ಯೋಚಿಸಿದ. “ಯಾರದ್ದೂ ಇಲ್ಲಮ್ಮ.”

ಅವನಿಗೆ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಬೀರುವಿನಿಂದ ತಿರಸ್ಕೃತ ಅರ್ಜಿಗಳ ಕಟ್ಟು ಹೊರತೆಗೆದ. ಹೆಬ್ಬೆಟ್ಟಿನ ಅರ್ಜಿಗಳು ಅರವತ್ತಮೂರು. ಕಚೇರಿ ಮುಚ್ಚುವುದು ಐದಕ್ಕೆ, ಗಂಟೆ ನಾಲ್ಕೂಮುಕ್ಕಾಲು. ಪ್ಲಾಸ್ಟಿಕ್ ಹಾಳೆಯನ್ನು ಕಸದ ಬುಟ್ಟಿಗೆ ಎಸೆದು, ಅಮ್ಮನ ಅರ್ಜಿಗೇ ಮೊದಲು ಕೈ ಹಾಕಿದ.

“ಏಯ್! ಸರದಿ ಅನ್ನೋದಿಲ್ವಾ? ಅವರೆಲ್ಲ ನನಗಿಂತ ಮೊದಲು ಬಂದವರು. ನಂದು ಕೊನೆಗೆ.”

ಹಳೆಯ ಮುದ್ರೆಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಸ್ವೀಕೃತ’ ಒತ್ತುತ್ತ ಹೋದ. ಬೆವರು ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಅರವತ್ತೊಂದು, ಅರವತ್ತೆರಡು, ಅರವತ್ತಮೂರು. ಅಮ್ಮನ ಅರ್ಜಿ ಎಳೆದುಕೊಂಡು ಮುದ್ರೆ ಎತ್ತಿದ.

ಗಂಟೆ ಹೊಡೆಯಿತು.

ಅವನ ಕೈ ತಾನಾಗಿ ನಿಂತುಬಿಟ್ಟಿತು.

ಅಮ್ಮ ಆ ಕೈಯನ್ನೇ ನೋಡಿದಳು. “ಚೆನ್ನಾಗೇ ಕಲಿಸಿಬಿಟ್ಟಿದ್ದೀನಿ” ಎಂದು ಹೆಬ್ಬೆಟ್ಟಿನ ಶಾಯಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು.